ಅವ್ವ ಚಮಚ ಎತ್ತುವ ತನಕ

ಸಯನ್

ನಾನು ಮುಂಬಯಿಯ ಸಯನ್‌ನಲ್ಲಿದ್ದು ವಿಮೆ ಕಚೇರಿಯಲ್ಲಿ ಕೆಲಸ ಮಾಡುವವನು. ಬೇರೆಯವರಿಗೆ ಏನೇನು ಕೆಟ್ಟದ್ದಾಗಬಹುದು ಎಂದು ಯೋಚಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ನನಗೇ ಏನೇನಾಗಬಹುದು ಎಂಬುದನ್ನು ಮಾತ್ರ ಪುಕ್ಕಟೆಯಾಗಿ, ರಜೆಯ ದಿನವೂ ಬಿಡದೆ, ಯೋಚಿಸುತ್ತೇನೆ. ಹೀಗಾಗಿ ಮಗಳು ಶ್ರೇಯಾ ಕೊರಿಯಾದಿಂದ ಫೋನ್ ಮಾಡಿ, ಮಿನ್‌ಜುನ್‌ನ ಅಪ್ಪ-ಅಮ್ಮ ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ದಾರೆ ಎಂದಾಗ ನಾನು ಕೇಳಿದ ಮೊದಲ ಪ್ರಶ್ನೆ, ಊಟಕ್ಕೆ ಏನಿರುತ್ತದೆ ಎಂಬುದು. ಅವಳು ನಕ್ಕು ಫೋನನ್ನು ತನ್ನ ಅಮ್ಮನಿಗೆ ಕೊಡಲು ಹೇಳಿದಳು.

ಶ್ರೇಯಾ ಪವಾಯಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಬ್ಯಾಟರಿಗಳ ಮೇಲೆ ಸಂಶೋಧನೆ ಮಾಡುತ್ತೇನೆಂದು ಸಿಯೋಲಿಗೆ ಹೋದವಳು. ಅದೇ ಪ್ರಯೋಗಾಲಯದಲ್ಲಿ ಪಕ್ಕದ ಮೇಜಿನ ಹುಡುಗ ಮಿನ್‌ಜುನ್. ಅವನನ್ನೇ ಮದುವೆಯಾಗುತ್ತಾಳೆಂಬ ಸುದ್ದಿ ಕೇಳಿದಾಗ ನನಗೆ ಎದೆ ಧಸಕ್ಕೆಂದದ್ದು ನಿಜ. ಆದರೆ ಹುಡುಗ ಒಮ್ಮೆ ಸಯನ್‌ಗೆ ಬಂದು, ನಮ್ಮ ಮನೆಯಲ್ಲಿ ಒಂದು ವಾರ ಇದ್ದು, ಅವ್ವನ ಕೆಂಪು ಚಟ್ನಿಯನ್ನು ಕಣ್ಣಲ್ಲಿ ನೀರು ಹಾಕದೆ ತಿಂದು ಹೋದ ಮೇಲೆ ನಮ್ಮ ಕಡೆಯ ತಕರಾರು ಮುಗಿಯಿತು. ಉಳಿದದ್ದು ಹುಡುಗನ ಅಪ್ಪ. ಜಿಯೊಂಜು ಎಂಬ ಊರಲ್ಲಿ ಸರಕಾರಿ ಕಚೇರಿಯೊಂದರ ಮುಖ್ಯಸ್ಥರಾಗಿ ನಿವೃತ್ತರಾದವರು, ಮಾತು ಕಡಿಮೆ, ರೀತಿ ರಿವಾಜು ಜಾಸ್ತಿ. ಎರಡೂ ಮನೆಯವರು ಕೂತು ಉಣ್ಣಬೇಕು, ಮನಸ್ಸಿಗೆ ಬಂದರೆ ಅವರು ಆ ಮೇಜಿನ ಮೇಲೇ ಮದುವೆಯ ಮಾತು ಎತ್ತುತ್ತಾರೆ. ಬರದಿದ್ದರೆ ಚಹಾ ಕುಡಿಸಿ ಕಳಿಸುತ್ತಾರೆ. ಇದು ಶ್ರೇಯಾ ನಮಗೆ ಹೇಳಿದ್ದು. ಅವಳ ದನಿ ಆಗ ಪರೀಕ್ಷೆಯ ಹಿಂದಿನ ದಿನದ್ದಾಗಿತ್ತು.

ನಾನು, ನನ್ನ ಹೆಂಡತಿ ಸುಧಾ ಇಬ್ಬರೇ ಹೋಗುವುದೆಂದು ಮೊದಲು ಯೋಚಿಸಿದ್ದೆವು. ಎಪ್ಪತ್ತೆಂಟರ ಅವ್ವ ವಿಜಯಪುರದಿಂದ ಮುಂಬಯಿಗೆ ಬಂದದ್ದೇ ತನ್ನ ಜೀವನದ ದೊಡ್ಡ ಪ್ರಯಾಣವೆಂದು ತಿಳಿದಿದ್ದಳು. ಆದರೆ ವಿಷಯ ಕಿವಿಗೆ ಬಿದ್ದದ್ದೇ, "ಹೆಣ್ಣಿನ ಕಡೀ ಹಿರ್ಯಾರು ಇಲ್ಲದ ಎಂಥಾ ಮಾತುಕತಿ?" ಎಂದು ಇಳಕಲ್ ಸೀರೆಗಳನ್ನು ಟ್ರಂಕಿನಿಂದ ಹೊರಗೆ ತೆಗೆದಳು. ಅಲ್ಲಿಗೆ ಚರ್ಚೆ ಮುಗಿಯಿತು.

ಕೊರಿಯಾದಲ್ಲಿ ಬಾಗಿ ವಂದಿಸಬೇಕು, ಎದುರಿನವರು ಎಷ್ಟು ದೊಡ್ಡವರೋ ಅಷ್ಟು ಬಾಗಬೇಕು ಎಂದು ಮೊಬೈಲಿನಲ್ಲಿ ನೋಡಿದ್ದೆ. ಬಿಲ್ಡಿಂಗಿನ ಲಿಫ್ಟಿನಲ್ಲಿ ದೊಡ್ಡ ಕನ್ನಡಿಯಿದೆ. ಒಂದು ಬೆಳಿಗ್ಗೆ ಅದರ ಮುಂದೆ ನಿವೃತ್ತ ಮುಖ್ಯಸ್ಥರಿಗೆ ಎಷ್ಟು ಬೇಕೋ ಅಷ್ಟು ಬಾಗಿ ನೋಡುತ್ತಿದ್ದಾಗ ಬಾಗಿಲು ತೆರೆಯಿತು. ಎದುರಿಗೆ ನಮ್ಮ ಹೌಸಿಂಗ್ ಸೊಸೈಟಿಯ ಚೇರ್ಮನ್. ಅವರು ನನ್ನ ನಮ್ರತೆಯನ್ನು ಪೂರ್ತಿ ಒಪ್ಪಿಕೊಂಡು, ತಲೆಯಾಡಿಸಿ ಒಳಗೆ ಬಂದರು. ಆಶ್ಚರ್ಯವೇನೂ ಕಾಣಲಿಲ್ಲ. ನಮ್ಮ ಸೊಸೈಟಿಯ ಸಭೆಯಲ್ಲಿ ಹಿಡಿಕೆಯಿರುವ ಪ್ಲಾಸ್ಟಿಕ್ ಕುರ್ಚಿ ಒಂದೇ ಇದೆ, ಅದು ಅವರದು. ಉಳಿದವರೆಲ್ಲ ಹಿಡಿಕೆಯಿಲ್ಲದ ಕುರ್ಚಿಯ ಪ್ರಜೆಗಳು. ನಾನಂತೂ ತಡವಾಗಿ ಹೋಗಿ ಸಾಮಾನ್ಯವಾಗಿ ನಿಂತೇ ಇರುತ್ತೇನೆ.

ದೇಶಗಳ ನಡುವೆಯೂ ಹಿಡಿಕೆಯ ಕುರ್ಚಿ, ಹಿಡಿಕೆಯಿಲ್ಲದ ಕುರ್ಚಿ ಇವೆ ಎಂಬುದು ವೀಸಾ ಕಚೇರಿಯಲ್ಲಿ ತಿಳಿಯಿತು. ಅಲ್ಲಿ ನಾನು ಅಭ್ಯಾಸದ ಬಲದಿಂದ ಕಾವಲುಗಾರನಿಗೂ ಬಾಗಿದೆ. ಸುಧಾ ನನ್ನ ಬೆನ್ನಿಗೆ ಮೆಲ್ಲಗೆ ತಿವಿದು, "ಸ್ವಲ್ಪ ಉಳಿಸ್ಕೊಳ್ರಿ, ಬೀಗರಿಗೆ ಬೇಕಾಗ್ತೈತಿ" ಎಂದಳು.

ಸಿಯೋಲ್

ವಿಮಾನದಿಂದ ಇಳಿದು ಸಾಲಿನಲ್ಲಿ ನಿಂತಾಗ ನನ್ನ ತಲೆಯಲ್ಲಿ ಇದ್ದದ್ದು ಅವ್ವನ ಚೀಲದ ಶೇಂಗಾ ಚಟ್ನಿಪುಡಿ. ಅದನ್ನು ಸ್ಫೋಟಕವೆಂದು ತಿಳಿದರೆ ಏನು ಮಾಡುವುದು ಎಂದು ಉತ್ತರ ತಯಾರು ಮಾಡಿಕೊಂಡಿದ್ದೆ. ಚಟ್ನಿಪುಡಿಯನ್ನು ಯಾರೂ ಕೇಳಲಿಲ್ಲ. ಕಿಟಕಿಯ ಹಿಂದಿನ ಯುವಕ ಅವ್ವನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ವರ್ಷ ನೋಡಿದ, ಬೆನ್ನು ನೇರ ಮಾಡಿಕೊಂಡ, ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದು ತಲೆಬಾಗಿ ಮರಳಿಸಿದ. ಅವ್ವ ಅದನ್ನು ಎರಡೂ ಕೈಯಿಂದ ತೆಗೆದುಕೊಂಡು, ಪ್ರಸಾದದಂತೆ ಕಣ್ಣಿಗೆ ಒತ್ತಿಕೊಂಡಳು. ನನ್ನ ಪಾಸ್‌ಪೋರ್ಟು ಒಂದೇ ಕೈಯಲ್ಲಿ ಬಂತು.

ಆ ದೇಶದಲ್ಲಿ ವಯಸ್ಸು ಎಂಬುದು ನಮ್ಮ ಕಚೇರಿಯ ಹುದ್ದೆಯಂತೆ ಎಂದು ನನಗೆ ಅರ್ಥವಾದದ್ದು ಮೆಟ್ರೋದಲ್ಲಿ. ಡಬ್ಬಿ ಕಿಕ್ಕಿರಿದಿತ್ತು. ಆದರೂ ಮೂಲೆಯಲ್ಲಿ ಸೀಟುಗಳು ಖಾಲಿ. ನಮ್ಮ ದಾದರ್ ಸ್ಟೇಶನ್ನಿನಲ್ಲಿ ಹೀಗೆ ಒಂದು ಸೀಟು ಖಾಲಿ ಕಂಡರೆ ಅದರ ಮೇಲೆ ಯಾರೋ ವಾಂತಿ ಮಾಡಿರಬೇಕು ಎಂದೇ ಅರ್ಥ. ನಮ್ಮ ಲೋಕಲ್ ರೈಲಿನಲ್ಲಿ ಮೂವರ ಬೆಂಚಿನಲ್ಲಿ ನಾಲ್ಕನೆಯವನಾಗಿ ಅರ್ಧ ಕುಂಡೆ ಊರಿ ಬೆಳೆದ ನಾನು ಅವ್ವನನ್ನು ಕೂರಿಸಿ, ಪಕ್ಕದಲ್ಲೇ ನಾನೂ ಕೂತುಬಿಟ್ಟೆ. ಮುಂದಿನ ಸ್ಟೇಶನ್ನಿನಲ್ಲಿ ಹತ್ತಿದ ಮುದುಕರೊಬ್ಬರು ನನ್ನ ಮುಂದೆ ಬಂದು ನಿಂತು ಇಂಗ್ಲಿಷಿನಲ್ಲಿ ನನ್ನ ವಯಸ್ಸು ಕೇಳಿದರು. ಐವತ್ತನಾಲ್ಕು ಎಂದೆ. ಅವರು ಮನಸಾರೆ ನಕ್ಕು, ನನ್ನ ಕೆನ್ನೆ ತಟ್ಟುವುದೊಂದು ಬಾಕಿ, ಏಳು ಎಂದು ಕೈ ಮಾಡಿದರು. ಮುದುಕರಿಗೆಂದೇ ಬಿಟ್ಟ ಆ ಮೂಲೆಯಲ್ಲಿ ಐವತ್ತನಾಲ್ಕು ಬಾಲವಾಡಿಯ ವಯಸ್ಸು. ಬಹಳ ವರ್ಷಗಳ ನಂತರ ನನ್ನನ್ನು ಯಾರೋ ಚಿಕ್ಕವನೆಂದು ಒಪ್ಪಿಕೊಂಡದ್ದಕ್ಕೆ ನನಗೆ ಒಳಗೊಳಗೇ ಖುಷಿಯೂ ಆಯಿತು. ನನ್ನ ಜಾಗದಲ್ಲಿ ಕೂತ ಮೇಲೆ ಮುದುಕರು ಅವ್ವನ ವಯಸ್ಸನ್ನೂ ಕೇಳಿದರು. ಎಪ್ಪತ್ತೆಂಟು ಎಂದು, ನಮ್ಮನ್ನು ಕರೆದೊಯ್ಯಲು ಬಂದಿದ್ದ ಶ್ರೇಯಾ ಹೇಳಿದಳು. ಅವರಿಗೆ ಎಪ್ಪತ್ತಾರು. ತಕ್ಷಣ ನಗು ನಿಲ್ಲಿಸಿ, ಕುಳಿತಲ್ಲಿಂದಲೇ ಅವ್ವನಿಗೆ ಬಾಗಿದರು.

ವಯಸ್ಸು ಗೊತ್ತಾಗದ ಹೊರತು ಇಲ್ಲಿ ವಾಕ್ಯ ಮುಗಿಸುವುದೇ ಕಷ್ಟ, ಯಾರ ಜೊತೆ ಹೇಗೆ ಮಾತಾಡಬೇಕೆಂದೇ ತಿಳಿಯುವುದಿಲ್ಲ ಎಂದು ಶ್ರೇಯಾ ವಿವರಿಸಿದಳು. ತನಗಿಂತ ಒಂದೇ ವರ್ಷ ದೊಡ್ಡವನಾದ ಮಿನ್‌ಜುನ್ ಮೊದಲ ತಿಂಗಳು ಅದರ ಜೋರು ತೋರಿಸಿದ್ದನಂತೆ. "ಈಗ?" ಎಂದು ಸುಧಾ ಕೇಳಿದಳು. ಈಗ ಅದೆಲ್ಲ ಇಲ್ಲ ಎಂದು ಶ್ರೇಯಾ ಹೇಳಿದ ರೀತಿಗೆ ನನಗೆ ಮಿನ್‌ಜುನ್ ಬಗ್ಗೆ ಕನಿಕರವೂ, ಒಂದು ಬಗೆಯ ಅಣ್ಣತಮ್ಮಂದಿರ ಪ್ರೀತಿಯೂ ಉಂಟಾಯಿತು.

ಅವ್ವನಿಗೆ ಮಾತ್ರ ಊರು ಒಂದೇ ದಿನದಲ್ಲಿ ಹಿಡಿಸಿತು. ಮನೆಯಲ್ಲಿ ನಾನು ಉಂಡ ಮೇಲೆ ಉಣ್ಣುವವಳು, ಟಿವಿಯ ರಿಮೋಟ್ ಕೇಳಿ ಪಡೆಯುವವಳು. ಇಲ್ಲಿ ಬಾಗಿಲು ತೆಗೆದು ಹಿಡಿಯುವವರು, ಚೀಲ ಹೊರುವವರು. ಎಸ್ಕಲೇಟರಿನ ಬುಡದಲ್ಲಿ ಅವಳು ಹೆದರಿ ನಿಂತಾಗ ಹಿಂದಿದ್ದ ಸಾಲು ಪೂರ್ತಿ ಹೆದರಿದವರಂತೆ ನಿಂತಿತು.

ಜಿಯೊಂಜುವಿನ ರೈಲು

ರೈಲು ಎಷ್ಟು ಸುಮ್ಮನೆ ಓಡುತ್ತಿತ್ತೆಂದರೆ ಅವ್ವ ಎರಡು ಸಲ ಹೊರಟಿತೇ ಎಂದು ಕೇಳಿದಳು. ಹೊರಗೆ ಭತ್ತದ ಗದ್ದೆಗಳು ಹೋಗುತ್ತಿದ್ದವು. ಒಳಗೆ ಅವಳು ನಮಗೆಲ್ಲ ಪಾಠ ಶುರು ಮಾಡಿದಳು. ನಾವು ಹೆಣ್ಣಿನ ಕಡೆಯವರು. ದನಿ ಎತ್ತುವಂತಿಲ್ಲ, ಬೀಗರಿಗಿಂತ ಮೇಲಿನ ಜಾಗದಲ್ಲಿ ಕೂರುವಂತಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ—

"ಬೀಗರು ಬಾಯಾಗ ತುತ್ತ ಇಡೂ ತನಕಾ ನಮ್ಮ ಕಡ್ಯಾವ್ರು ಯಾರೂ ಎಲಿ ಮುಟ್ಟಬಾರ್ದು. ಶಂಕ್ರೂ, ನಿನಗs ಹೇಳಾಕತ್ತೀನಿ."

ನನಗೇ ಯಾಕೆ ಎಂದು ಕೇಳಿದೆ.

"ನಿನ್ನ ಕೈ ತಡಿಯೂದಿಲ್ಲ."

ಅವಳ ತಂಗಿಯ ಮದುವೆಯಲ್ಲಿ ಹೀಗೇ ಆಗಿತ್ತಂತೆ. ಹೆಣ್ಣಿನ ಸೋದರಮಾವ ಬೀಗರು ಕೂರುವ ಮೊದಲೇ ಅಡುಗೆಮನೆಯಲ್ಲಿ ಒಂದು ಭಜಿ ಬಾಯಿಗೆ ಹಾಕಿಕೊಂಡದ್ದನ್ನು ಗಂಡಿನ ಕಡೆಯವರು ಕಿಟಕಿಯಿಂದ ನೋಡಿದರು. ಇಡೀ ದಿಬ್ಬಣ ಎದ್ದು ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿತು. ಕಾಲು ಹಿಡಿದು ವಾಪಸು ಕರೆತರುವಷ್ಟರಲ್ಲಿ ಮುಹೂರ್ತ ತಪ್ಪಿ, ಅಕ್ಷತೆಯ ಅಕ್ಕಿಯನ್ನು ಕೋಳಿಗಳು ತಿಂದಿದ್ದವು. ಕಥೆ ಕೇಳಿದ ಶ್ರೇಯಾಳ ಮುಖ ಸಣ್ಣದಾಯಿತು. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಆಡುವಾಗ ತಡವರಿಸುತ್ತಾಳೆ. "ಆಯಿ, ಪ್ಲೀಸ್, ಇವತ್ತು ಏನೂ ಗಡ್‌ಬಡ್ ಆಗಬಾರದು" ಎಂದು ಅಜ್ಜಿಯ ಕೈ ಹಿಡಿದುಕೊಂಡಳು. ಏನೂ ಆಗುವುದಿಲ್ಲ, ನಾನು ಇದ್ದೇನಲ್ಲ ಎಂದಳು ಅವ್ವ. ನನಗೆ ಬೆವರು ಬಂದದ್ದು ಆಗ.

ಊಟದ ಮನೆ

ಹೆಂಚಿನ ಸೂರಿನ ಹಳೆಯ ಮನೆ, ಕಾಗದದ ಬಾಗಿಲುಗಳು, ಅಂಗಳದಲ್ಲಿ ಒಂದು ಹಣ್ಣಿನ ಮರ. ಬಾಗಿಲಲ್ಲೇ ಮಿನ್‌ಜುನ್‌ನ ಅಪ್ಪ ನಿಂತಿದ್ದರು. ಕರಿ ಸೂಟು, ಇಸ್ತ್ರಿ ಮಾಡಿದಂಥ ಮುಖ. ನಾನು ಲಿಫ್ಟಿನ ಅಭ್ಯಾಸವನ್ನೆಲ್ಲ ಸೇರಿಸಿ ಬಾಗಿದೆ. ಅವರು ನನಗಿಂತ ಸ್ವಲ್ಪ ಕೆಳಗೆ ಬಾಗಿದರು. ಹೆಣ್ಣಿನ ತಂದೆ ಮೇಲೆ ಉಳಿಯಬಾರದಲ್ಲ, ನಾನು ಇನ್ನೂ ಇಳಿದೆ. ಅವರೂ ಇಳಿದರು. ನನ್ನ ಸೊಂಟ ಎಲ್ಲಿ ನಿಂತಿತೋ ಅಲ್ಲಿಗೆ ಸ್ಪರ್ಧೆ ಮುಗಿಯಿತು. ಮಿನ್‌ಜುನ್ ಬಂದು ನನ್ನನ್ನು ಮೇಲೆತ್ತಿದ.

ಅಷ್ಟರಲ್ಲಿ ಹಿಂದೆ ಇನ್ನೊಂದು ಗದ್ದಲ. ಅವ್ವ ಬಿಟ್ಟ ಚಪ್ಪಲಿಯನ್ನು, ಹೊರಡುವಾಗ ಹಾಕಿಕೊಳ್ಳಲು ಸಲೀಸಾಗಲೆಂದು, ಹುಡುಗನ ತಾಯಿ ಬಗ್ಗಿ ತಿರುಗಿಸಿ ಇಡುತ್ತಿದ್ದರು. ಬೀಗಿತ್ತಿ ತನ್ನ ಚಪ್ಪಲಿ ಮುಟ್ಟುವುದನ್ನು ನೋಡಿದ ಅವ್ವ ಅಯ್ಯೋ ಅಯ್ಯೋ ಎನ್ನುತ್ತ ಆಕೆಯ ಕೈ ಹಿಡಿದು ತಡೆದಳು. ಹಿರಿಯರೊಬ್ಬರು ತನ್ನ ಮುಂದೆ ಬಗ್ಗಿದರಲ್ಲ ಎಂದು ಆಕೆ ಇನ್ನೂ ಗಾಬರಿ. ಒಂದು ಜೊತೆ ಚಪ್ಪಲಿಯ ಮೇಲೆ ಇಬ್ಬರು ಹೆಂಗಸರು ಕೈ ಕೈ ಹಿಡಿದು ಕೂತಿದ್ದರು. ಬಿಡಿಸಲು ಸುಧಾ ಹೋಗಬೇಕಾಯಿತು.

ಒಳಗೆ ಉದ್ದನೆಯ ಮೇಜು. ಬಾಗಿಲಿನಿಂದ ದೂರದ ನಡುವಿನ ಕುರ್ಚಿ ಎಲ್ಲರಿಗಿಂತ ದೊಡ್ಡವರದು. ಅವ್ವನನ್ನು ಅಲ್ಲಿಗೆ ಕರೆದರು. ಅವ್ವ ಬಾಗಿಲ ಬದಿಯ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾನೂ ಮಿನ್‌ಜುನ್ನೂ ಸೇರಿ ಅವಳನ್ನು ಹೆಚ್ಚು ಕಡಿಮೆ ಎತ್ತಿಕೊಂಡೇ ಹೋಗಿ ಕೂರಿಸಿದೆವು. ಆ ಕುರ್ಚಿಗೆ ಹಿಡಿಕೆಯಿತ್ತು. ನಾನು ಗಮನಿಸಿದೆ.

ಊಟ ಬಂತು. ನಮಗಾಗಿ ಮಾಂಸ ಮೀನು ಯಾವುದೂ ಇಲ್ಲದ್ದನ್ನೇ ಮಾಡಿಸಿದ್ದರು. ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಸೊಪ್ಪು, ಬೇರು, ಅಣಬೆ, ಉಪ್ಪಿನಕಾಯಿಯ ಅಕ್ಕತಂಗಿಯರು. ಎಲ್ಲರ ಮುಂದೆ ಕುದಿಯುವ ಕಲ್ಲಿನ ಬಟ್ಟಲಲ್ಲಿ ಸಾರು, ಪಕ್ಕದಲ್ಲಿ ಅನ್ನ, ಉದ್ದ ಹಿಡಿಯ ಚಮಚ. ಹಬೆ ಮೇಲೇಳುತ್ತಿತ್ತು. ನನಗೆ ಹಸಿವೆ ಕಿತ್ತು ತಿನ್ನುತ್ತಿತ್ತು. ಅವ್ವನ ಕಣ್ಣು ನನ್ನ ಕೈಯ ಮೇಲಿತ್ತು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

ಹುಡುಗನ ಅಪ್ಪ ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟು ನೇರ ಕೂತಿದ್ದರು. ಚಮಚ ಮುಟ್ಟಲಿಲ್ಲ. ತಾಯಿಯೂ ಮುಟ್ಟಲಿಲ್ಲ. ಮಿನ್‌ಜುನ್ ಮುಟ್ಟಲಿಲ್ಲ. ಸಾರಿನ ಕುದಿ ನಿಂತಿತು. ಅವ್ವ ಮುಗುಳ್ನಕ್ಕಳು, ಅವರೂ ಮುಗುಳ್ನಕ್ಕರು. ಹಬೆ ಸಣ್ಣದಾಯಿತು. ಪ್ರಾರ್ಥನೆ ಇರಬಹುದೆಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ಏನೂ ಬದಲಾಗಿರಲಿಲ್ಲ.

ಚಿಂತೆ ಮಾಡುವವನಿಗೆ ಇಂಥ ಮೌನಕ್ಕಿಂತ ಒಳ್ಳೆಯ ಬಯಲು ಸಿಗಲಿಕ್ಕಿಲ್ಲ. ಇವರಿಗೆ ಸಂಬಂಧ ಬೇಡ, ಅದಕ್ಕೇ ನಮ್ಮ ಜೊತೆ ಅನ್ನ ಮುಟ್ಟುತ್ತಿಲ್ಲ. ನಾನು ಕಡಿಮೆ ಬಾಗಿದೆ. ಅಥವಾ ಜಾಸ್ತಿ ಬಾಗಿದೆ. ಚಪ್ಪಲಿಯ ಗಲಾಟೆ. ಇನ್ನು ಚಹಾ ಬರುತ್ತದೆ, ನಮ್ಮನ್ನು ಕಳಿಸುತ್ತಾರೆ, ನನ್ನ ಮಗಳು ಆ ಪ್ರಯೋಗಾಲಯದಲ್ಲಿ ಪಕ್ಕದ ಮೇಜನ್ನು ನೋಡುತ್ತ ಜೀವನ ಕಳೆಯುತ್ತಾಳೆ. ಹುಡುಗನ ತಾಯಿ ಸಣ್ಣ ದನಿಯಲ್ಲಿ ಏನೋ ಕೇಳಿದರು. ಅಡುಗೆ ಹಿಡಿಸಲಿಲ್ಲವೇ ಎಂದು ಮಿನ್‌ಜುನ್ ಇಂಗ್ಲಿಷಿನಲ್ಲಿ ಹೇಳಿದ. ಬಹಳ ಚೆನ್ನಾಗಿ ಕಾಣುತ್ತದೆ, ತಾವು ಶುರು ಮಾಡಿ ಎಂದೆ. ಇಲ್ಲ, ತಾವು ಎಂದರು. ಮೊದಲು ತಾವು ಎಂದೆ. ಅವ್ವ ಹೌದು ಎನ್ನುವಂತೆ ಕೈಯನ್ನು ಸೀರೆಯ ಸೆರಗಿನೊಳಗೆ ಇನ್ನೂ ಭದ್ರ ಮಾಡಿಕೊಂಡಳು. ಅದನ್ನು ನೋಡಿದ ಹುಡುಗನ ಅಪ್ಪನ ಹಣೆಯಲ್ಲಿ ಮೊದಲ ಸಲ ಬೆವರು ಕಂಡಿತು. ಆ ಬೆವರು ನನಗೆ ಗುರುತಿನದು. ದಿನಾ ಕನ್ನಡಿಯಲ್ಲಿ ನೋಡುತ್ತೇನೆ.

ಆಗ ಶ್ರೇಯಾ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ತಡೆಯಲಾರದೆ. ನನಗೆ ಜೀವ ಹೋದಂತಾಯಿತು. ಅವಳು ಅಜ್ಜಿಯ ಕಡೆ ತಿರುಗಿ, ಕನ್ನಡ ಹಿಂದಿ ಕೈಗೆ ಸಿಕ್ಕಿದ್ದೆಲ್ಲ ಸೇರಿಸಿ, "ಆಯಿ, ಇಲ್ಲಿ ಸಬ್‌ಸೆ ದೊಡ್ಡವರು ಚಮಚ ಎತ್ತದೆ ಯಾರೂ ಖಾನಾ ಟಚ್ ಮಾಡಲ್ಲ. ಅವರು ನಿಮಗೆ ವೇಟ್ ಮಾಡ್ತಾ ಇದಾರೆ" ಎಂದಳು. ನಂತರ ಅವರ ಭಾಷೆಯಲ್ಲಿ ಹುಡುಗನ ಅಪ್ಪನಿಗೆ, ಗಂಡಿನ ಕಡೆಯವರು ಉಣ್ಣದೆ ನಾವು ಉಣ್ಣುವಂತಿಲ್ಲ ಎಂಬುದನ್ನು ವಿವರಿಸಿದಳು. ಅವರು ಕೇಳಿಸಿಕೊಂಡರು. ಅರ್ಥವಾಯಿತು ಎಂದು ತಲೆಯಾಡಿಸಿದರು. ಚಮಚ ಮಾತ್ರ ಮುಟ್ಟಲಿಲ್ಲ. ಅರ್ಥವಾಗುವುದು ಬೇರೆ, ಕೈ ಏಳುವುದು ಬೇರೆ.

ಅವ್ವ ಒಂದು ಕ್ಷಣ ಯೋಚಿಸಿದಳು.

"ಅಂದ್ರ, ನಾ ಹಿರೇಕಿ ಅಂತ ಅವ್ರು ಕುಂತಾರ. ಅವ್ರು ಬೀಗರಂತ ನಾ ಕುಂತೀನಿ. ಹಿಂಗs ಕುಂತ್ರ ಹುಡುಗರ ಲಗ್ನ ಮುಂದಿನ ಜನ್ಮಕ್ಕ ಆಗ್ತೈತಿ."

ಹೀಗೆ ಹೇಳಿ ಚಮಚ ಎತ್ತಿದಳು. ಎಲ್ಲರ ಉಸಿರು ಕೆಳಗಿಳಿಯಿತು. ಆದರೆ ಚಮಚ ಅವಳ ಬಾಯಿಗೆ ಹೋಗಲಿಲ್ಲ. ಅದರಲ್ಲಿ ಅನ್ನ, ಸಾರು, ಒಂದು ತುಂಡು ಅಣಬೆ ಜೋಡಿಸಿಕೊಂಡು, ಮಂಡಿ ಹಿಡಿದು ಎದ್ದಳು. ಹಿರಿಯರು ಎದ್ದರೆ ಕೂತಿರುವಂತಿಲ್ಲ, ಅವರ ಕಡೆಯವರೆಲ್ಲ ಎದ್ದು ನಿಂತರು. ಕಾರಣ ತಿಳಿಯದೆ ನಾವೂ ನಿಂತೆವು. ಅವ್ವ ಒಂದು ಕೈಯಲ್ಲಿ ಚಮಚ, ಅದರ ಕೆಳಗೆ ಇನ್ನೊಂದು ಕೈ ಹಿಡಿದು, ಮೇಜು ಸುತ್ತಿ ಹೋಗಿ ಹುಡುಗನ ಅಪ್ಪನ ಮುಂದೆ ನಿಂತಳು.

"ಬಾಯಿ ತಗೀರಿ, ಬೀಗರ."

ಭಾಷಾಂತರ ಬೇಕಾಗಲಿಲ್ಲ. ನೂರಾರು ಜನರನ್ನು ಆಳಿದ ಮನುಷ್ಯ ಹಲ್ಲಿನ ವೈದ್ಯರ ಮುಂದೆ ಕೂತವರಂತೆ ದೊಡ್ಡದಾಗಿ ಬಾಯಿ ತೆರೆದರು. ಅವ್ವ ತುತ್ತು ಇಟ್ಟಳು. ಮೊದಲು ಚಮಚ ಎತ್ತಿದ್ದು ಹಿರಿಯಳು, ಮೊದಲು ಉಂಡದ್ದು ಬೀಗರು. ಎರಡು ದೇಶಗಳ ಕಾನೂನೂ ಒಂದೇ ಚಮಚದಲ್ಲಿ ಮುಗಿಯಿತು.

ಅವರು ನಿಧಾನವಾಗಿ ಅಗಿದರು, ನುಂಗಿದರು. ನಂತರ ಒಂದು ಸೊಪ್ಪಿನ ಎಲೆಯಲ್ಲಿ ಅನ್ನ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಅವ್ವನ ಬಾಯಿಗೆ ಕೊಟ್ಟರು. ಎಲೆ ದೊಡ್ಡದಿತ್ತು, ಅವ್ವನ ಬಾಯಿ ತುಂಬಿ ಕೆನ್ನೆ ಉಬ್ಬಿತು. ಆ ಇಸ್ತ್ರಿ ಮುಖ ಅಲ್ಲಿ ಮುದುಡಿತು. ನಗುತ್ತ ಕೂತರೆ ಅವರು ನಮ್ಮ ವಿಜಯಪುರದ ಕಾಕಾನ ಹಾಗೆಯೇ ಕಾಣುತ್ತಿದ್ದರು. ಎಲ್ಲರೂ ಮತ್ತೆ ಕೂತೆವು, ಈ ಸಲ ನಾನು ಕೈಯನ್ನು ತೊಡೆಯ ಕೆಳಗೆ ಇಡದೆ ಉಣ್ಣಲು ತೊಡಗಿದೆ. ಸಾರು ತಣ್ಣಗಾಗಿತ್ತು. ಅಷ್ಟು ರುಚಿಯ ಸಾರನ್ನು ನಾನು ಮತ್ತೆಲ್ಲೂ ಉಂಡಿಲ್ಲ.

ಊಟದ ಕೊನೆಗೆ ಚಹಾ ಬಂತು. ಕುಡಿಸಿ ಕಳಿಸುವ ಚಹಾ ಇದೇ ಎಂದುಕೊಂಡೆ. ಹುಡುಗನ ಅಪ್ಪ ಗಂಟಲು ಸರಿಮಾಡಿಕೊಂಡು ಮಾತಾಡಿದರು. ಮದುವೆ ಯಾವಾಗ ಎಂಬುದನ್ನು ಎಲ್ಲರಿಗಿಂತ ಹಿರಿಯರಾದ ಅಜ್ಜಿಯೇ ಹೇಳಲಿ ಎಂದು ಮಿನ್‌ಜುನ್ ತಿಳಿಸಿದ. ಸುಧಾ ನನ್ನ ಕೈ ಒತ್ತಿದಳು. ಅವ್ವ ಸೆರಗು ಸರಿಮಾಡಿಕೊಂಡು ಗಂಭೀರವಾಗಿ, "ಲಗ್ನದ ದಿನ ಹೇಳೂದು ಗಂಡಿನವ್ರು" ಎಂದಳು.

ಹುಡುಗನ ಅಪ್ಪ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡರು. ಅವ್ವ ಸೆರಗಿನೊಳಗೆ ಕೈ ಸೇರಿಸಿದಳು. ಚಹಾ ಆರತೊಡಗಿತು.

"ಸಾರಿ," ಎಂದಳು ಶ್ರೇಯಾ. "ಮಾಟುಂಗಾದಲ್ಲಿ ಹಾಲ್ ಬುಕ್ ಆಗಿದೆ. ದಿವಾಳಿ ಆದ್ಮೇಲೆ. ನಾವಿಬ್ಬರೂ ಪಹಲೇನೇ ಮಾಡಿಬಿಟ್ಟಿದೀವಿ." ಇದನ್ನೇ ಅವರ ಭಾಷೆಯಲ್ಲಿ ಹೇಳಬೇಕಾದ ಮಿನ್‌ಜುನ್‌ನ ಕಿವಿಗಳು ಕೆಂಪಗಾಗಿದ್ದವು. ಆದರೂ ಹೇಳಿದ.

ಆತನ ಅಪ್ಪ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಹಿರಿತನ, ಬೀಗತನ, ಬಾಗುವುದು, ಏಳುವುದು, ಇಷ್ಟೆಲ್ಲ ನಡೆಯುವಾಗ ಅಧಿಕಾರ ಎಲ್ಲಿತ್ತು ಎಂಬುದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಮೊದಲು ನಕ್ಕವರು ಅವರು.

ಮತ್ತೆ ಸಯನ್

ನಮ್ಮ ಮನೆಯಲ್ಲಿ ರಾತ್ರಿಯ ಊಟ ಯಾವತ್ತೂ ಒಂದೇ ಕ್ರಮದಲ್ಲಿ ನಡೆದುಕೊಂಡು ಬಂದಿದೆ. ಮೊದಲು ನಾನು ಮೊಬೈಲ್ ನೋಡುತ್ತ ಉಣ್ಣುತ್ತೇನೆ. ಸುಧಾ ಬಿಸಿ ರೊಟ್ಟಿ ಒಂದೊಂದಾಗಿ ತಂದು ಹಾಕುತ್ತಾಳೆ. ಆಮೇಲೆ ಅವ್ವ. ಕೊನೆಗೆ, ಒಲೆ ಆರಿಸಿ, ಸುಧಾ. ಇದು ಯಾರೂ ಕೂತು ಮಾಡಿದ ಕಾನೂನಲ್ಲ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ವಾಪಸು ಬಂದ ಮರುದಿನ ನಾನು ತಮಾಷೆಗೆಂದು, ಅವ್ವ ಚಮಚ ಎತ್ತದೆ ಈ ಮನೆಯಲ್ಲೂ ಇನ್ನು ಯಾರೂ ಉಣ್ಣುವಂತಿಲ್ಲ ಎಂದು ಘೋಷಿಸಿದೆ. ಅಧಿಕಾರವನ್ನು ತಮಾಷೆಗೂ ಯಾರ ಕೈಗೂ ಕೊಡಬಾರದು. ಅವ್ವ ಬಂದು ಮೇಜಿನ ತಲೆಗೆ, ನನ್ನ ಕುರ್ಚಿಯಲ್ಲಿ, ಕೂತಳು. ಬೀಗರು ಕೊಟ್ಟು ಕಳಿಸಿದ ಉದ್ದ ಹಿಡಿಯ ಚಮಚ ಮುಂದಿತ್ತು. ಎತ್ತಲಿಲ್ಲ. ತನ್ನ ಮಂಡಿನೋವಿಗೆ ಡಾಕ್ಟರ ಹತ್ತಿರ ಯಾವಾಗ ಕರೆದುಕೊಂಡು ಹೋಗುತ್ತೀ ಎಂದು ಕೇಳಿದಳು. ಶನಿವಾರ ಎಂದೆ. ಟಿವಿಯ ರಿಮೋಟ್ ಇನ್ನು ಮೇಲೆ ಎಲ್ಲಿರುತ್ತದೆ ಎಂದು ಕೇಳಿದಳು. ನಿನ್ನ ಹಾಸಿಗೆಯ ಮೇಲೆ ಎಂದೆ. ಹೊಟ್ಟೆ ತಾಳ ಹಾಕುತ್ತಿತ್ತು. ಚಮಚ ಏಳಲಿಲ್ಲ.

"ಸುಧಾ ಎಲ್ಲಿ?" ಎಂದಳು.

ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ ಎಂದೆ. ಕೈಯ ಸಪ್ಪಳ ಕೇಳುತ್ತಲೂ ಇತ್ತು.

"ಆಕಿ ಬಂದು ಕೂಡ್ಲಿ. ಆಮ್ಯಾಲ ಎತ್ತೀನಿ."

"ಆಕೆ ಕೂತರೆ ರೊಟ್ಟಿ?"

ಅವ್ವ ನನ್ನ ಎರಡೂ ಕೈಗಳನ್ನು ನೋಡಿದಳು.

ಸುಧಾ ಹಿಟ್ಟಿನ ಕೈ ತೊಳೆದುಕೊಂಡು, ಏನೂ ತಿಳಿಯದವಳಂತೆ ಬಂದು ಕೂತು, ಮೊಬೈಲ್ ತೆಗೆದು ಪ್ರವಾಸದ ಫೋಟೋಗಳನ್ನು ನೋಡತೊಡಗಿದಳು. ನಾನು ಒಳಗೆ ಹೋದೆ. ಜೋಳದ ಹಿಟ್ಟು ನನ್ನನ್ನು ಬಹಳ ಕೀಳಾಗಿ ಕಂಡಿತು. ಬಡಿದಷ್ಟೂ ಒಂದು ಬದಿಗೆ ಓಡಿತು, ಕೊನೆಗೆ ಹಂಚಿಗೆ ಹಾಕುವಾಗ ನಡುವೆ ಸೀಳಿ ಉತ್ತರ ದಕ್ಷಿಣ ಎರಡಾಯಿತು, ಥೇಟ್ ಕೊರಿಯಾದ ನಕಾಶೆ. ಊಟ ಶುರುವಾಯಿತೇ ಎಂದು ಒಳಗಿಂದಲೇ ಕೇಳಿದೆ. ರೊಟ್ಟಿ ಬರುವ ತನಕ ಆಗುವುದಿಲ್ಲ ಎಂಬ ಉತ್ತರ ಬಂತು, ಈ ಸಲ ಇಬ್ಬರ ದನಿಯಲ್ಲಿ.

ಹೊರಗೆ ತಂದು, ಕಲಿತ ಪಾಠ ಮರೆಯದೆ, ಬಾಗಿ, ಎರಡೂ ಕೈಯಲ್ಲಿ ತಟ್ಟೆ ಚಾಚಿದೆ. ಅವ್ವ ಎರಡೂ ಕೈಯಿಂದ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿ, ಒಂದು ದೇಶವನ್ನು ಸೊಸೆಯ ತಾಟಿಗೆ ಹಾಕಿದಳು, ಇನ್ನೊಂದನ್ನು ತಾನು ಇಟ್ಟುಕೊಂಡಳು.

"ಉಣ್ಣಾಕ ಬರ್ತೈತಿ," ಎಂದು ಚಮಚ ಎತ್ತಿದಳು.